ಗಾಳಿ ರೆಕ್ಕೆ ಬಿಟ್ರೆ ಕಥೆ ಮುಗೀತು (ಭಾಗ 4)

ಯರಮರಸ್ ವಿಮಾನ ನಿಲ್ದಾಣದ ಸ್ಟೋರಿ ಹಾಕೋಕೆ ರಾಯಚೂರಿನಾಗ ಎಲ್ಲರೂ ಮುಂದ. ವಿಮಾನ ಹೆಂಗ ಹಾರ್ತದ ಅಂದ್ರ ಮಾತ್ರ ಅದೇ ಬಾಯಿಪಾಠ: "ರೆಕ್ಕೆ ಮೇಲಿನ ದಾರಿ ಉದ್ದ, ಅದಕ್ಕ ಮೇಲಿನ ಗಾಳಿ ಜೋರಾಗಿ ಓಡಿ ಕೆಳಗಿನ ಗಾಳಿನ ಹಿಂದಿನ ತುದಿಯಲ್ಲಿ ಕೂಡ್ಕೊಳ್ತದ."

ಬಿಡ್ರಪ್ಪ ಅದನ್ನ, ತಪ್ಪದು. ಮೇಲಿನ ಗಾಳಿ ಜೋರು ಖರೆ. ಆದ್ರೆ ಕೆಳಗಿನದಕ್ಕೆ ಕಾಯಲ್ಲ, ಮೊದಲೇ ತುದಿ ಮುಟ್ಟಿರ್ತದ.

ನನ್ನ ಪ್ರಕಾರ ಕ್ಲಾಸಿನಾಗ ಮೊದಲು ಕೇಳಬೇಕಾದ ಪ್ರಶ್ನೆನೇ ಬೇರೆ. ಗಾಳಿ ರೆಕ್ಕೆಗೆ ಹತ್ತಿಕೊಂಡು ಹೋಗ್ತದೋ, ಬಿಟ್ಟು ಹೋಗ್ತದೋ?

ಮಾನ್ವಿ ಕಡೆಯವರು ತುಂಗಭದ್ರಾ ಎಡದಂಡೆ ಕಾಲುವೆ, ದೇವದುರ್ಗದವರು ನಾರಾಯಣಪುರ ಬಲದಂಡೆ ಕಾಲುವೆ ನೋಡ್ರಿ. ಸೇತುವೆ ಕಂಬದ ಹಿಂದ ನೀರು ಸುಳಿ ಸುತ್ತತದಲ್ಲ, ಹರಿವು ಕಂಬದ ಮೈ ಬಿಟ್ಟ ಜಾಗ ಅದು. ವಿಮಾನ ಮೂಗು ಭಾಳ ಎತ್ತಿದ್ರೆ ರೆಕ್ಕೆ ಮೇಲೂ ಹಿಂಗೇ ಆಗಿ ಎತ್ತುವ ಬಲ ಕುಸೀತದ. ಇದಕ್ಕ ಸ್ಟಾಲ್ ಅಂತಾರ.

ತಡೆಯೋಕೆ ರೆಕ್ಕೆಯ ಮುಂದಿನ ಅಂಚಿಗೆ ಸ್ಲ್ಯಾಟ್ ಇಡ್ತಾರ, ನಮ್ಮ ತೇಜಸ್‌ಗೂ ಅದ. ನನಗೆ ಭಾಳ ಇಷ್ಟ ಆಗಿದ್ದು ವೋರ್ಟೆಕ್ಸ್ ಜನರೇಟರ್. ರೆಕ್ಕೆ ಮೇಲೆ ಸಾಲಾಗಿ ನಿಂತ ಸಣ್ಣ ಸಣ್ಣ ತಗಡು, ಅಷ್ಟೇ. ಬೇಕಂತಲೇ ಸುಳಿ ಎಬ್ಬಿಸಿ, ಮೈಗೆ ಹತ್ತಿ ಸುಸ್ತಾದ ಗಾಳಿಗೆ ಮೇಲಿನ ಜೋರು ಗಾಳಿ ಬೆರೆಸ್ತವ. ನುಣುಪಿದ್ರೇನೇ ಛಲೋ ಅನ್ನೋ ಲೆಕ್ಕ ಇಲ್ಲಿ ನಡೆಯಲ್ಲ!

ಮೈಗೆ ಹತ್ತಿದ ಈ ತೆಳು ಪದರದ ಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸತೀಶ್ ಧವನ್, ಅವರ ಶಿಷ್ಯ ರೊದ್ದಂ ನರಸಿಂಹ ಕೆಲಸ ಮಾಡಿ, 1958ರಲ್ಲೇ ಜೊತೆಯಾಗಿ ಪ್ರಬಂಧ ಬರೆದಿದ್ರು. ನಾವಿನ್ನೂ "ಉದ್ದ ದಾರಿ" ಅಂತೀವಿ.

ನಾಳೆ ಫಿಸಿಕ್ಸ್ ಸರ್‌ನ ಕೇಳ್ರಿ: ಮೇಲಿನ ಗಾಳಿ ಕೆಳಗಿನದನ್ನ ಕೂಡ್ಕೊಳ್ಳಲೇಬೇಕು ಅಂತ ಹೇಳಿದ್ದ್ಯಾರು?