ಸ್ಕ್ಯಾನ್ ಮಾಡಿ ಹಾಕಿದರೆ ಪ್ರಕಟಣೆ ಆಗಲ್ಲ

ಕಲಬುರಗಿ ಜಿಲ್ಲಾಡಳಿತದ ವೆಬ್‌ಸೈಟ್ ನಿಂತಿರುವುದು ಎನ್‌ಐಸಿಯ ಎಸ್3ವಾಸ್ ಚೌಕಟ್ಟಿನ ಮೇಲೆ. ಆ ಹೆಸರಿನ ಮೂರು 'ಎಸ್'ಗಳಲ್ಲಿ ಒಂದು 'ಸುಗಮ್ಯ'. ಅಂದರೆ ಅಂಗವಿಕಲರಿಗೂ ಬಳಸಲು ಬರುವಂಥದ್ದು. ಹಾಗಾದರೆ ಸಮಸ್ಯೆ ಮುಗೀತಾ? ಇಲ್ಲ. ಚೌಕಟ್ಟು ಸರಿ ಇದ್ದರೆ ಸಾಲದು, ಅದರೊಳಗೆ ಏನು ಹಾಕ್ತೀವಿ ಅನ್ನೋದೇ ಮುಖ್ಯ.

ನಮ್ಮ ಕಚೇರಿಗಳ ಹಳೇ ಅಭ್ಯಾಸ ನಿಮಗೂ ಗೊತ್ತು: ಆದೇಶ ಟೈಪ್ ಮಾಡು, ಪ್ರಿಂಟ್ ತೆಗೆ, ಸೀಲ್ ಹೊಡೆ, ಸ್ಕ್ಯಾನ್ ಮಾಡಿ ಪಿಡಿಎಫ್ ಹಾಕು. ಅಲ್ಲಿಗೆ ಅಕ್ಷರ ಹೋಗಿ ಬರೀ ಚಿತ್ರ ಉಳೀತು. ದೃಷ್ಟಿ ಇಲ್ಲದವರು ಬಳಸುವ ಎನ್‌ವಿಡಿಎ, ಟಾಕ್‌ಬ್ಯಾಕ್‌ನಂಥ ಉಚಿತ ತಂತ್ರಾಂಶಗಳು ಕನ್ನಡ ಓದುತ್ತವೆ, ಆದರೆ ಅವಕ್ಕೆ ಅಕ್ಷರ ಬೇಕು. ಹಳೆಯ ನುಡಿ ಫಾಂಟಿನ ಕಡತವಾದರೆ ಇನ್ನೊಂದು ಪಜೀತಿ. ಅದರೊಳಗೆ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳ ಸಂಕೇತದಲ್ಲೇ ಉಳಿಸಿರುತ್ತಾರೆ. ಕಣ್ಣಿಗೆ ಕನ್ನಡ, ಕಿವಿಗೆ ಕಲಸುಮೇಲೋಗರ.

ಇದು ಅನ್ನದ ಪ್ರಶ್ನೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸರ್ಕಾರಿ ನೇಮಕಾತಿಯಲ್ಲಿ ಕನಿಷ್ಠ 4% ಹುದ್ದೆ ಮೀಸಲಿಟ್ಟಿದೆ. ನಮ್ಮ ಭಾಗಕ್ಕೆ 371ಜೆ ಕೂಡ ಇದೆ. ಆದರೆ ಅಧಿಸೂಚನೆಯೇ ಚಿತ್ರವಾಗಿದ್ದರೆ, ಕಮಲಾಪುರದ ಅಂಧ ಪದವೀಧರೆಗೆ ಎರಡೇ ದಾರಿ: ಓದಿ ಹೇಳುವವರ ಪುರುಸೊತ್ತಿಗೆ ಕಾಯಬೇಕು, ಇಲ್ಲಾ ಬಸ್ ಹಿಡಿದು ಕಲಬುರಗಿಗೆ ಹೋಗಬೇಕು. ಅರ್ಜಿಯ ಕೊನೇ ದಿನ ಮಾತ್ರ ಯಾರಿಗೂ ಕಾಯಲ್ಲ.

ಕೋರ್ಟ್ ಇದನ್ನು ದಯೆಯ ವಿಷಯ ಅಂದುಕೊಂಡಿಲ್ಲ. ರಾಜೀವ್ ರಾತುರಿ ಪ್ರಕರಣದಲ್ಲಿ 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್, ಸುಗಮ್ಯತೆಯ ಮಾನದಂಡಗಳನ್ನು ಬರೀ ಸಲಹೆಯ ಮಟ್ಟಕ್ಕೆ ಇಳಿಸಿದ್ದ ನಿಯಮ 15(1)ನ್ನು ರದ್ದು ಮಾಡಿ, ಮೂರು ತಿಂಗಳೊಳಗೆ ಕಡ್ಡಾಯ ನಿಯಮ ತನ್ನಿ ಅಂತು. 2025ರ ಏಪ್ರಿಲ್ 30ರಂದು ಪ್ರಜ್ಞಾ ಪ್ರಸೂನ್ ಪ್ರಕರಣದಲ್ಲಿ, ಡಿಜಿಟಲ್ ಸೇವೆ ಪಡೆಯುವುದು 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದಿತು.

'ಇಂಥವರು ಎಷ್ಟು ಜನ ಇದ್ದಾರೆ?' ಅಂತ ಕೇಳುವವರಿಗೆ: 2011ರ ಜನಗಣತಿಯಲ್ಲೇ ಕರ್ನಾಟಕದ ಅಂಗವಿಕಲರ ಸಂಖ್ಯೆ 13 ಲಕ್ಷ ದಾಟಿತ್ತು. 'ಖರ್ಚು?' ಅನ್ನುವವರಿಗೆ, ಇಂಜಿನಿಯರಿಂಗ್ ಓದಿದವನಾಗಿ ಹೇಳ್ತೀನಿ: ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ಡಿಜಿಟಲ್ ಸಹಿ ಹಾಕಿ, ಸ್ಕ್ಯಾನರ್ ಮುಟ್ಟದೇ ಅಪ್‌ಲೋಡ್ ಮಾಡಿದರೆ ಕೆಲಸ ಕಡಿಮೆಯಾಗುತ್ತೆ, ಹೆಚ್ಚಲ್ಲ.

ನಿಮ್ಮ ತಾಲ್ಲೂಕಿನ ಯಾವುದಾದರೂ ಆದೇಶ ತೆರೆಯಿರಿ. ಒಂದು ಸಾಲು ಆಯ್ದು ವಾಟ್ಸಾಪ್‌ಗೆ ಅಂಟಿಸಿ. ಸಾಲು ಆಯ್ಕೆಯೇ ಆಗದಿದ್ದರೆ ಅದು ಚಿತ್ರ. ಇಂಗ್ಲಿಷ್ ಅಕ್ಷರಗಳ ಗೋಜಲು ಬಂದರೆ ಹಳೇ ಫಾಂಟು. ಎರಡರಲ್ಲಿ ಯಾವುದಾದರೂ, ಆ ಕಚೇರಿಗೆ ದೂರು ಬರೆಯಿರಿ. ಮನವಿ ಅಂತಲ್ಲ, ಹಕ್ಕು ಅಂತ.