ಮಗುವಿಗಿಂತ ಮೊದಲು ಫೈಲು ಹೋಗಲಿ

ಸೋಲೂರು, ಕುದೂರು, ತಿಪ್ಪಸಂದ್ರ ಕಡೆಯಿಂದ ನನಗೆ ಒಂದು ನಮೂನೆಯ ಫೋನ್ ಬರುತ್ತಿರುತ್ತದೆ. ಹೆಚ್ಚಾಗಿ ರಾತ್ರಿ ಹತ್ತರ ಮೇಲೆ. "ಅಣ್ಣಾ, ನೀವು ಪೇಪರ್‌ನೋರು, ಬೆಂಗಳೂರಲ್ಲಿ ದೊಡ್ಡಾಸ್ಪತ್ರೇಲಿ ಯಾರಾದ್ರೂ ಗೊತ್ತಾ? ಕೂಸನ್ನ ಐಸಿಯುಗೆ ಹಾಕವ್ರೆ. ಏನಾಗದೆ ಅಂತ ಸರಿಯಾಗಿ ಹೇಳ್ತಿಲ್ಲ. ಬೇರೆ ಕಡೆ ತೋರ್ಸಾಣ ಅಂತ."

ಬೇರೆ ಕಡೆ ತೋರಿಸಬೇಕು ಅನ್ನಿಸುವುದು ತಪ್ಪಲ್ಲ. ಹಸು ಕೊಳ್ಳುವಾಗ, ಜಮೀನು ಬರೆಸುವಾಗ ನಾಲ್ಕು ಜನರನ್ನು ಕೇಳುವ ನಾವು ಮಗುವಿನ ಜೀವದ ವಿಷಯದಲ್ಲಿ ಒಬ್ಬರ ಮಾತಿಗೇ ನಿಲ್ಲಬೇಕು ಅಂತ ಯಾವ ಕಾನೂನೂ ಹೇಳಿಲ್ಲ. ನನ್ನ ತಕರಾರು ಇರುವುದು ಕೇಳುವ ರೀತಿಯ ಬಗ್ಗೆ. ನಮ್ಮ ಕಡೆ ಎರಡನೇ ಅಭಿಪ್ರಾಯ ಅಂದರೆ ಮಗುವನ್ನು ಬಟ್ಟೆಯಲ್ಲಿ ಸುತ್ತಿ, ಕಾರು ಮಾಡಿಕೊಂಡು, ಹೆದ್ದಾರಿ ಹಿಡಿಯುವುದು. ಹಾಗಾಗಬಾರದು. ಮೊದಲು ಹೋಗಬೇಕಾದ್ದು ಮಗುವಿನ ಫೈಲು. ಬೇಕಾದರೆ ಮಾತ್ರ, ಬೇಕಾದ ರೀತಿಯಲ್ಲಿ, ಆಮೇಲೆ ಮಗು.

ನಾವಿರುವ ಜಾಗವೂ ಇದಕ್ಕೆ ಒಂದು ಕಾರಣ. ಸೋಲೂರಿನವರಿಗೆ ರಾಮನಗರ ಅಂದರೆ ಮಾಗಡಿ ಬಳಸಿಕೊಂಡು ಹೋಗುವ ದಾರಿ. ಬೆಂಗಳೂರಿಗಾದರೆ ರಾಷ್ಟ್ರೀಯ ಹೆದ್ದಾರಿ 75 ಊರ ಮುಂದೆಯೇ ಇದೆ, ನೆಲಮಂಗಲ ದಾಟಿದರೆ ಆಯಿತು ಅನ್ನಿಸುತ್ತದೆ. ಆದರೆ ನೆಲಮಂಗಲ ದಾಟಿದ ಮೇಲೆ ಪೀಣ್ಯ, ಗೊರಗುಂಟೆಪಾಳ್ಯ ಇದೆಯಲ್ಲ! ಅಲ್ಲಿ ಸಿಕ್ಕಿಕೊಂಡ ಕಾರಿನ ಹಿಂದಿನ ಸೀಟಿನಲ್ಲಿ ಆಕ್ಸಿಜನ್ ಇಲ್ಲದ, ಡ್ರಿಪ್ ಕಿತ್ತ ಎಳೆ ಮಗು ಇದ್ದರೆ ಒಂದೊಂದು ಸಿಗ್ನಲ್ಲೂ ಅದರ ಆಯುಷ್ಯದಿಂದ ಕಳೆದಂತೆ.

ಹುಟ್ಟಿದ ಮಗು ಸಣ್ಣ ಗಾತ್ರದ ದೊಡ್ಡ ಮನುಷ್ಯ ಅಲ್ಲ. ಅದರ ಮೈ ಶಾಖ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು. ಐಸಿಯುನಲ್ಲಿ ವಾರ್ಮರ್ ಕೆಳಗೆ ಇದ್ದ ಮಗುವನ್ನು ಗಾಳಿಗೆ ತಂದರೆ ಬೇಗ ತಣ್ಣಗಾಗುತ್ತದೆ. ತಣ್ಣಗಾದ ಮಗು ಮೈ ಬೆಚ್ಚಗಿಟ್ಟುಕೊಳ್ಳಲು ರಕ್ತದ ಸಕ್ಕರೆಯನ್ನು ಖರ್ಚು ಮಾಡುತ್ತದೆ, ಆಕ್ಸಿಜನ್ನೂ ಹೆಚ್ಚು ಬೇಕಾಗುತ್ತದೆ. ಡ್ರಿಪ್ ತೆಗೆದಿದ್ದರೆ ಸಕ್ಕರೆ ಇನ್ನೂ ಇಳಿಯುತ್ತದೆ. ಸಕ್ಕರೆ ತೀರಾ ಇಳಿದರೆ ಮೆದುಳಿಗೆ ಪೆಟ್ಟು. ಹೊರಗಿನಿಂದ ನೋಡಿದರೆ ಮಗು ನಿದ್ದೆ ಮಾಡುತ್ತಿದೆ ಅನ್ನಿಸುತ್ತದೆ. "ದಾರೀಲಿ ಚೆನ್ನಾಗೇ ಮಲಗಿತ್ತು" ಅಂತ ಆಮೇಲೆ ಹೇಳುವ ಮಾತಿನ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ.

2020ರ ಫೆಬ್ರವರಿಯಲ್ಲಿ ಮಂಗಳೂರಿನಿಂದ ಬೆಂಗಳೂರಿನ ಜಯದೇವ ಆಸ್ಪತ್ರೆಗೆ 40 ದಿನದ ಮಗುವನ್ನು ಹೃದಯದ ಚಿಕಿತ್ಸೆಗೆ ಆಂಬುಲೆನ್ಸ್‌ನಲ್ಲಿ ಸುಮಾರು ನಾಲ್ಕೂವರೆ ಗಂಟೆಯಲ್ಲಿ ತಂದದ್ದು ನಿಮಗೆ ನೆನಪಿರಬಹುದು. ದಾರಿಯುದ್ದಕ್ಕೂ ಪೊಲೀಸರು, ಊರೂರಿನ ಹುಡುಗರು ನಿಂತು ರಸ್ತೆ ಬಿಡಿಸಿದರು. ಹೆಮ್ಮೆಯ ವಿಷಯವೇ. ಆದರೆ ನಮ್ಮ ಮೊಬೈಲ್‌ಗಳಲ್ಲಿ ಓಡಾಡಿದ್ದು ಬರೀ ವೇಗದ ವಿಡಿಯೋ. ಆ ಮಗು ಬಂದದ್ದು ಆಂಬುಲೆನ್ಸ್‌ನಲ್ಲಿ, ಎಲ್ಲಿಗೆ ಹೋಗಬೇಕು ಅಂತ ಮೊದಲೇ ಗೊತ್ತಿದ್ದು, ಇಂಥದ್ದೇ ಚಿಕಿತ್ಸೆಗೆ ಅಂತ. ಬಾಡಿಗೆ ಕಾರಿನಲ್ಲಿ ಹೊರಟು, ಒಂದು ಆಸ್ಪತ್ರೆಯಲ್ಲಿ ಬೆಡ್ ಇಲ್ಲ ಅನ್ನಿಸಿಕೊಂಡು, ಇನ್ನೊಂದರಲ್ಲಿ ವೆಂಟಿಲೇಟರ್ ಖಾಲಿ ಇಲ್ಲ ಅನ್ನಿಸಿಕೊಂಡು ಮೂರನೆಯದಕ್ಕೆ ತಿರುಗುವುದು ಬೇರೆಯೇ ಕಥೆ. ಅದನ್ನು ಯಾರೂ ವಿಡಿಯೋ ಮಾಡುವುದಿಲ್ಲ.

ಇಲ್ಲಿ ಒಂದು ಸಹಿಯ ವಿಷಯ ಹೇಳಬೇಕು. ಬೇರೆ ಕಡೆ ಕರೆದುಕೊಂಡು ಹೋಗುತ್ತೇವೆ ಅಂದ ತಕ್ಷಣ ಕೆಲವು ಆಸ್ಪತ್ರೆಗಳಲ್ಲಿ ಒಂದು ಹಾಳೆ ಮುಂದಿಡುತ್ತಾರೆ. ವೈದ್ಯರ ಸಲಹೆಗೆ ವಿರುದ್ಧವಾಗಿ, ನಮ್ಮ ಸ್ವಂತ ಜವಾಬ್ದಾರಿಯ ಮೇಲೆ ಕರೆದೊಯ್ಯುತ್ತಿದ್ದೇವೆ ಅಂತ ಅದರಲ್ಲಿರುತ್ತದೆ. ಎಷ್ಟೋ ಜನ ಅದನ್ನು ಡಿಸ್ಚಾರ್ಜ್ ಅಂದುಕೊಂಡು ಹೆಬ್ಬೆಟ್ಟು ಒತ್ತುತ್ತಾರೆ. ಅದು ರೆಫರಲ್ ಅಲ್ಲ. ರೆಫರಲ್ ಅಂದರೆ ಈ ಆಸ್ಪತ್ರೆ ಆ ಆಸ್ಪತ್ರೆಗೆ ಪತ್ರ ಬರೆದು, ಫೋನ್ ಮಾಡಿ, ಮಗುವಿನ ಸ್ಥಿತಿ ತಿಳಿಸಿ ಕಳಿಸುವುದು. "ನಾವಾಗೇ ಬಿಡಿಸ್ಕೊಂಡು ಹೋಗ್ತಿಲ್ಲ ಸಾರ್, ರೆಫರ್ ಮಾಡಿ ಬರ್ಕೊಡಿ" ಅನ್ನುವ ಒಂದು ವಾಕ್ಯ ಕಲಿತಿಟ್ಟುಕೊಳ್ಳಿ. ಸರ್ಕಾರಿ ಆಸ್ಪತ್ರೆಯಾದರೆ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಒಂದು ವರ್ಷದೊಳಗಿನ ಕಾಯಿಲೆಯ ಮಗುವಿಗೆ ಚಿಕಿತ್ಸೆ ಮಾತ್ರವಲ್ಲ, ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಸಾಗಿಸುವ ವಾಹನವೂ ಉಚಿತ. ಕಾರಿಗೆ ಸಾಲ ಮಾಡುವ ಮೊದಲು ಇದನ್ನು ಕೇಳಿ.

ಈಗ ಫೈಲಿನ ಮಾತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ರೋಗಿಗಳ ಹಕ್ಕುಗಳ ಸನ್ನದು ಅಂತ ಒಂದನ್ನು ಸಿದ್ಧಪಡಿಸಿದೆ. ಅದರಲ್ಲಿ 17 ಹಕ್ಕುಗಳಿವೆ. ಕೇಂದ್ರ ಆರೋಗ್ಯ ಸಚಿವಾಲಯ 2019ರಲ್ಲಿ ಅದನ್ನು ಎಲ್ಲ ರಾಜ್ಯಗಳಿಗೂ ಕಳಿಸಿತು. ಎರಡನೇ ಅಭಿಪ್ರಾಯ ಪಡೆಯುವುದು ಅದರಲ್ಲಿ ಒಂದು ಪ್ರತ್ಯೇಕ ಹಕ್ಕು. ಬೇರೆ ವೈದ್ಯರನ್ನು ಕೇಳಲು ಬೇಕಾದ ದಾಖಲೆಗಳನ್ನು ಆಸ್ಪತ್ರೆ ಹೆಚ್ಚಿನ ದುಡ್ಡು ಕೇಳದೆ, ತಡ ಮಾಡದೆ ಕೊಡಬೇಕು ಅನ್ನುತ್ತದೆ. ಕೇಳಿದರು ಅನ್ನುವ ಕಾರಣಕ್ಕೆ ಚಿಕಿತ್ಸೆಯಲ್ಲಿ ವ್ಯತ್ಯಾಸ ಮಾಡುವಂತಿಲ್ಲ ಅಂತಲೂ ಇದೆ. ನಮ್ಮವರ ದೊಡ್ಡ ಭಯ ಇದೇ ಅಲ್ಲವೇ? "ಕೇಳಿದ್ರೆ ಡಾಕ್ಟ್ರಿಗೆ ಕ್ವಾಪ ಬಂದು ಕೂಸನ್ನ ಸರಿಯಾಗಿ ನೋಡ್ಕಳಲ್ಲ." ಆ ಭಯವನ್ನು ಸನ್ನದು ಬರೆದವರೂ ಊಹಿಸಿದ್ದಾರೆ ಅನ್ನುವುದು ನನಗೆ ಸ್ವಲ್ಪ ಸಮಾಧಾನ ಕೊಟ್ಟ ವಿಷಯ.

ಸನ್ನದು ಕಾನೂನಲ್ಲ, ನಿಜ. ಆದರೆ ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮದಲ್ಲೇ, ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು ಅಂತಿದೆ. ನನ್ನ ಪ್ರಕಾರ ಎಳೆ ಮಕ್ಕಳ ಮಟ್ಟಿಗೆ ಈ 72 ಗಂಟೆ ಅರ್ಥವಿಲ್ಲದ ಲೆಕ್ಕ. ಹುಟ್ಟಿ ಆರು ದಿನದ ಮಗುವಿಗೆ ಮೂರು ದಿನ ಅಂದರೆ ಅದು ಬದುಕಿದ ಅರ್ಧ ಕಾಲ. ಒಳರೋಗಿಯಾಗಿದ್ದಾಗ 24 ಗಂಟೆಯೊಳಗೆ ಸಿಕ್ಕರೆ ಒಳ್ಳೆಯದು ಅನ್ನುತ್ತದೆ ಸನ್ನದು. ಕೇಸ್ ಶೀಟಿನ ನಾಲ್ಕು ಪುಟದ ಫೋಟೋ ತೆಗೆಯಲು ಹತ್ತು ನಿಮಿಷ ಸಾಕು.

ಫೋಟೋ ಯಾವುದರದು? ಬರೀ ಬಿಲ್ಲು ಮತ್ತು ಔಷಧಿ ಚೀಟಿ ತೆಗೆದು ಕಳಿಸಿದರೆ ಆ ಕಡೆಯ ವೈದ್ಯರಿಗೆ ಏನೂ ತಿಳಿಯುವುದಿಲ್ಲ. ಮಗು ಎಷ್ಟು ತಿಂಗಳಿಗೆ ಹುಟ್ಟಿತು, ತೂಕ ಎಷ್ಟು, ಹುಟ್ಟಿದ ಕೂಡಲೇ ಅತ್ತಿತೇ, ಈಗ ಏನು ಕಾಯಿಲೆ ಅಂತ ಬರೆದಿದ್ದಾರೆ, ಯಾವ ಔಷಧಿ ಎಷ್ಟು ದಿನದಿಂದ, ಆಕ್ಸಿಜನ್ ಎಷ್ಟು, ರಕ್ತದ ವರದಿ, ಎಕ್ಸ್‌ರೇ, ಎಕೋ ಮಾಡಿದ್ದರೆ ಅದರ ವರದಿ. ಇಷ್ಟಿರಬೇಕು. ವಾರ್ಡಿನ ವೈದ್ಯರನ್ನು ಕೇಳಲು ಮೂರು ಪ್ರಶ್ನೆ ಸಾಕು: ನಿಮಗೆ ಏನು ಅನುಮಾನ? ಇನ್ನೇನಾದರೂ ಇರಬಹುದಾ? ಮಗುವನ್ನು ಸಾಗಿಸುವ ಸ್ಥಿತಿ ಇದೆಯಾ? ಮೂರನೆಯದಕ್ಕೆ "ಇಲ್ಲ" ಅಂದರೆ, ದಯವಿಟ್ಟು ಅದನ್ನು ಬೆದರಿಕೆ ಅಂತ ತಿಳಿಯಬೇಡಿ.

ಫೈಲು ಎಲ್ಲಿಗೆ ಹೋಗಬೇಕು ಅಂದರೆ, ಮಕ್ಕಳ ವೈದ್ಯರಿಗೇ. ಬೆಂಗಳೂರಿನಲ್ಲಿ ಸರ್ಕಾರದ ಕಡೆಯಿಂದಲೇ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಇದೆ, ವಾಣಿ ವಿಲಾಸ ಇದೆ, ಹೃದಯಕ್ಕೆ ಜಯದೇವ ಇದೆ. ಮಗುವಿನ ತಂದೆಯೋ ಚಿಕ್ಕಪ್ಪನೋ ಫೈಲು ಹಿಡಿದು ಬಸ್ಸಿನಲ್ಲಿ ಹೋಗಿ ಕೇಳಿ ಬರಬಹುದು, ಮಗು ವಾರ್ಮರ್ ಕೆಳಗೇ ಇರುತ್ತದೆ. ಇದಕ್ಕಿಂತ ಒಳ್ಳೆಯ ದಾರಿ ವೈದ್ಯರೇ ವೈದ್ಯರಿಗೆ ಮಾತಾಡುವುದು. 2020ರ ಟೆಲಿಮೆಡಿಸಿನ್ ಮಾರ್ಗಸೂಚಿಯಲ್ಲಿ ಒಬ್ಬ ವೈದ್ಯ ಇನ್ನೊಬ್ಬ ವೈದ್ಯನ ಸಲಹೆ ಫೋನಿನಲ್ಲೋ ವಿಡಿಯೋದಲ್ಲೋ ಪಡೆಯಬಹುದು ಅಂತ ಇದೆ. ಸರ್ಕಾರದ ಇ-ಸಂಜೀವಿನಿಯಲ್ಲೂ ವೈದ್ಯರಿಂದ ವೈದ್ಯರಿಗೆ ಅನ್ನುವ ವ್ಯವಸ್ಥೆ ಇದೆ. ಹಾಗಂತ ಫೋಟೋ ನೋಡಿ ಹೇಳಿದ್ದೇ ಕೊನೆಯ ಮಾತಲ್ಲ. ಮಗುವನ್ನು ಮುಟ್ಟಿ ನೋಡಿದವರ ಮಾತಿಗೂ ಕಾಗದ ನೋಡಿದವರ ಮಾತಿಗೂ ವ್ಯತ್ಯಾಸವಿದೆ. ಯೂಟ್ಯೂಬ್ ಡಾಕ್ಟರು, ಬಾಲಗ್ರಹಕ್ಕೆ ತಾಯತ ಕಟ್ಟುವವರು ಎರಡನೇ ಅಭಿಪ್ರಾಯದ ಲೆಕ್ಕಕ್ಕೇ ಬರುವುದಿಲ್ಲ.

ಎಲ್ಲಕ್ಕೂ ಕಾದು ಕೇಳುವ ಸಮಯ ಇರುವುದಿಲ್ಲ. ಮನೆಯಲ್ಲಿರುವ ಮಗು ಹಾಲು ಕುಡಿಯುವುದು ಬಿಟ್ಟರೆ, ಫಿಟ್ಸ್ ಬಂದರೆ, ನಿಮಿಷಕ್ಕೆ 60ಕ್ಕಿಂತ ಹೆಚ್ಚು ಸಲ ಉಸಿರೆಳೆದರೆ, ಎದೆ ಗುಳಿ ಬಿದ್ದರೆ, ಮೈ ತಣ್ಣಗಾದರೆ, ಹಸಿರು ವಾಂತಿಯಾದರೆ 108ಕ್ಕೆ ಫೋನ್ ಮಾಡಿ ಹತ್ತಿರದ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಅಭಿಪ್ರಾಯ ಹುಡುಕುತ್ತಾ ಕೂರಬಾರದು. ಇನ್ನು ಕೆಲವಕ್ಕೆ ಕೇಳದೆ ಇರುವುದೇ ಅಪಾಯ. ಕಾಮಾಲೆಯನ್ನೇ ನೋಡಿ. ಹುಟ್ಟಿದ ಮಕ್ಕಳಿಗೆ ಕಾಮಾಲೆ ಸಾಮಾನ್ಯ, ಬಹಳಷ್ಟು ತಾನಾಗಿಯೇ ಹೋಗುತ್ತದೆ. ಆದರೆ ಎರಡು ವಾರ ಕಳೆದರೂ ಕಣ್ಣು ಹಳದಿಯೇ ಇದ್ದು, ಮಲ ಸುಣ್ಣದ ಥರ ಬಿಳಿಚಿದ್ದು, ಉಚ್ಚೆ ಬಟ್ಟೆಗೆ ಹಳದಿ ಕಲೆ ಹಿಡಿಯುತ್ತಿದ್ದರೆ ಪಿತ್ತನಾಳ ಮುಚ್ಚಿರುವ ಕಾಯಿಲೆ ಇರಬಹುದು. ಅದಕ್ಕೆ ಮಾಡುವ ಆಪರೇಷನ್ ಮಗುವಿಗೆ 60 ದಿನ ತುಂಬುವುದರೊಳಗೆ ಆದರೆ ಗುಣವಾಗುವ ಸಾಧ್ಯತೆ ಹೆಚ್ಚು, ತಡವಾದಷ್ಟೂ ಲಿವರ್ ಹಾಳಾಗುತ್ತದೆ. "ಎಳೆ ಬಿಸಿಲಿಗೆ ಹಿಡೀರಿ, ಹೋಗುತ್ತೆ" ಅಂದವರ ಮಾತಿಗೆ ಎರಡು ತಿಂಗಳು ಕಾದರೆ ಬಾಗಿಲು ಮುಚ್ಚಿದಂತೆಯೇ. ಇಲ್ಲಿ ಎರಡನೇ ವೈದ್ಯರನ್ನು ಕೇಳಲೇಬೇಕು.

ಮಲದ ಬಣ್ಣ ಬದಲಾದದ್ದು ಮೊದಲು ಗೊತ್ತಾಗುವುದು ಯಾರಿಗೆ? ತಾಯಿಗೆ. ಮಗು ಮಂಕಾಗಿದೆ ಅಂತ ಮೊದಲು ಹೇಳುವವಳೂ ಅವಳೇ. ಆದರೆ ನಮ್ಮ ಮನೆಗಳಲ್ಲಿ ಈ ತೀರ್ಮಾನ ಮಾಡುವುದು ಆಸ್ಪತ್ರೆಯ ಹೊರಗೆ ಟೀ ಅಂಗಡಿ ಮುಂದೆ ನಿಂತ ಗಂಡಸರು. ಬಾಣಂತಿ ಒಳಗೆ ಹಾಲು ಹಿಂಡಿ ಕೊಡುತ್ತಾ ಕೂತಿರುತ್ತಾಳೆ, ಅವಳನ್ನು ಒಂದು ಮಾತು ಕೇಳುವುದಿಲ್ಲ. ಮುಖಂಡರೊಬ್ಬರಿಂದ ಡಾಕ್ಟರಿಗೆ ಫೋನ್ ಮಾಡಿಸುತ್ತಾರೆ. ಆ ಫೋನಿನಿಂದ ಕಾಯಿಲೆ ಏನು ಅಂತ ಗೊತ್ತಾಗುವುದಿಲ್ಲ, ಡಾಕ್ಟರು ಇನ್ನಷ್ಟು ಬಿಗಿಯಾಗುತ್ತಾರೆ, ಅಷ್ಟೇ.

ಡಾಕ್ಟರ ಕಡೆಯೂ ಒಂದು ಭಯ ಇದೆ. ಗಾಜು ಒಡೆಯುವ, ಕೈ ಮಾಡುವ ಘಟನೆಗಳಿಂದಾಗಿಯೇ ಕರ್ನಾಟಕದಲ್ಲಿ 2009ರಲ್ಲಿ ವೈದ್ಯ ಸಿಬ್ಬಂದಿ ಮೇಲಿನ ಹಿಂಸೆ ತಡೆಯುವ ಕಾಯ್ದೆ ತರಬೇಕಾಯಿತು. ಹತ್ತು ಜನ ಗುಂಪಾಗಿ ಹೋಗಿ "ಫೈಲ್ ಕೊಡ್ರೀ" ಅಂದರೆ ಯಾರೂ ಕೊಡುವುದಿಲ್ಲ. ತಾಯಿ ತಂದೆ ಇಬ್ಬರೇ ಹೋಗಿ, ಒಂದು ಬಿಳಿ ಹಾಳೆಯಲ್ಲಿ ಎರಡು ಸಾಲು ಬರೆದು, ತಾರೀಕು ಹಾಕಿ ಕೊಡಲಿ. ಖಾಸಗಿ ಆಸ್ಪತ್ರೆ ಆಮೇಲೂ ಕೊಡದಿದ್ದರೆ, ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರಕ್ಕೆ ದೂರು ಕೊಡಬಹುದು. ಆ ಬಿಳಿ ಹಾಳೆಯ ನಕಲು ಆಗ ಕೆಲಸಕ್ಕೆ ಬರುತ್ತದೆ.

ಬೇರೆ ದೇಶಗಳು ಇದಕ್ಕೆ ಇನ್ನೊಂದು ಉಪಾಯ ಮಾಡಿವೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ 2007ರಲ್ಲಿ ರಯಾನ್ ಸೌಂಡರ್ಸ್ ಅನ್ನುವ ಪುಟ್ಟ ಹುಡುಗ ಸೋಂಕಿನಿಂದ ತೀರಿಕೊಂಡ. ಮಗ ಕೆಡುತ್ತಿದ್ದಾನೆ ಅಂತ ತಂದೆ ತಾಯಿ ಹೇಳಿದ್ದಕ್ಕೆ ಬೇಗ ಸ್ಪಂದನೆ ಸಿಕ್ಕಿರಲಿಲ್ಲ. ಈಗ ಅಲ್ಲಿ ರಯಾನ್ ನಿಯಮ ಇದೆ. ಮೊದಲು ವಾರ್ಡಿನ ನರ್ಸ್ ಅಥವಾ ಡಾಕ್ಟರಿಗೆ ಹೇಳಿ, ಆಮೇಲೆ ಮೇಲಿನ ನರ್ಸ್‌ಗೆ, ಆಗಲೂ ಸಮಾಧಾನವಿಲ್ಲದಿದ್ದರೆ ಒಂದು ನಂಬರಿಗೆ ಫೋನ್ ಮಾಡಿ, ಬೇರೆ ವೈದ್ಯರಿಂದ ಮರುಪರಿಶೀಲನೆ ಆಗುತ್ತದೆ. ಇಂಗ್ಲೆಂಡಿನಲ್ಲಿ 2021ರಲ್ಲಿ 13 ವರ್ಷದ ಮಾರ್ಥಾ ಮಿಲ್ಸ್ ತೀರಿಕೊಂಡ ಮೇಲೆ ಅವಳ ತಾಯಿ ಹೋರಾಡಿ, 2024ರಿಂದ 143 ಆಸ್ಪತ್ರೆಗಳಲ್ಲಿ ಇಂಥದ್ದೇ ಮಾರ್ಥಾ ನಿಯಮ ಶುರುವಾಯಿತು. ಎರಡರಲ್ಲೂ ಮಗು ಹಾಸಿಗೆ ಬಿಟ್ಟು ಏಳುವುದಿಲ್ಲ. ಎರಡನೇ ವೈದ್ಯರೇ ಹಾಸಿಗೆ ಹತ್ತಿರ ಬರುತ್ತಾರೆ.

ನಮಗೆ ಅಷ್ಟೆಲ್ಲ ಆಗದು ಅನ್ನುವವರಿಗೆ ನನ್ನ ಬೇಡಿಕೆ ಚಿಕ್ಕದು. ರಾಮನಗರದ ಜಿಲ್ಲಾ ಆಸ್ಪತ್ರೆಯ ನವಜಾತ ಶಿಶು ಘಟಕದ ಬಾಗಿಲಲ್ಲಿ, ಜಿಲ್ಲೆಯ ಪ್ರತಿ ಖಾಸಗಿ ಮಕ್ಕಳ ಆಸ್ಪತ್ರೆಯ ಗೋಡೆಯ ಮೇಲೆ ಕನ್ನಡದಲ್ಲಿ ಒಂದು ಬೋರ್ಡು: ಬೇರೆ ವೈದ್ಯರ ಅಭಿಪ್ರಾಯ ಬೇಕಿದ್ದರೆ ದಾಖಲೆಯ ಪ್ರತಿ ಇಂಥವರ ಹತ್ತಿರ, ಇಷ್ಟು ಹೊತ್ತಿಗೆ ಸಿಗುತ್ತದೆ. ಕೆಳಗೆ ರಾತ್ರಿಯೂ ಎತ್ತುವ ಒಂದು ಫೋನ್ ನಂಬರ್. ಇದನ್ನು ಜಿಲ್ಲಾ ಆರೋಗ್ಯಾಧಿಕಾರಿಗೆ ಲಿಖಿತವಾಗಿ ಕೇಳುತ್ತಿದ್ದೇನೆ. ಉತ್ತರ ಬಂದರೆ ಇಲ್ಲೇ ಹಾಕುತ್ತೇನೆ, ಬರದಿದ್ದರೆ ಎಷ್ಟು ದಿನವಾಯಿತು ಅನ್ನುವುದನ್ನು ಹಾಕುತ್ತೇನೆ.