ಮನೆಯ ಧೂಳೂ ಬೆಳಕಿಂಡಿಯೂ

ಬಿತ್ತುವುದಕ್ಕೆ ಮುಂಚೆ ನೆಲದ ಗುಣವನ್ನು ವಿಚಾರಿಸದ ರೈತನಿಲ್ಲ. ಆದರೆ ತಾನು ಮಲಗುವ ಕೋಣೆಯ ಮೂಲೆಯಲ್ಲಿ ಕೂಡಿರುವ ಧೂಳಿನ ಗುಣವೇನೆಂದು ವಿಚಾರಿಸುವವರು ವಿರಳ. ಈ ಧೂಳು ಬರಿಯ ಮಣ್ಣಲ್ಲ. ಮನುಷ್ಯರ ಚರ್ಮದಿಂದ ಉದುರಿದ ಹೊಟ್ಟು, ಬಟ್ಟೆಯ ಎಳೆ, ಕಾಲಿಗಂಟಿ ಬಂದ ಹೊಲದ ಮಣ್ಣು, ದನಕರುಗಳ ರೋಮ, ಒಣಗಿದ ಸಗಣಿಯ ಪುಡಿ ಇವೆಲ್ಲವೂ ಅದರಲ್ಲಿ ಬೆರೆತಿರುತ್ತವೆ. ಇವುಗಳೊಡನೆ ಕಣ್ಣಿಗೆ ಕಾಣದ ಅಸಂಖ್ಯಾತ ಸೂಕ್ಷ್ಮಜೀವಿಗಳೂ ಇರುತ್ತವೆ. ಇವುಗಳಲ್ಲಿ ಯಾವುವು ಉಳಿಯುತ್ತವೆ, ಯಾವುವು ಅಳಿಯುತ್ತವೆ ಎಂಬುದು ಮನೆಯ ರಚನೆಯನ್ನೂ ವಾಸಿಗಳ ಜೀವನಕ್ರಮವನ್ನೂ ಬಹುಮಟ್ಟಿಗೆ ಅವಲಂಬಿಸಿದೆ.

ಅಮೆರಿಕ ಸಂಯುಕ್ತ ಸಂಸ್ಥಾನದ ಸುಮಾರು 1,200 ಮನೆಗಳ ಧೂಳನ್ನು ಪರೀಕ್ಷಿಸಿದ ವಿದ್ವಾಂಸರು 2015ರಲ್ಲಿ ಒಂದು ಸಂಗತಿಯನ್ನು ಪ್ರಕಟಿಸಿದರು. ಧೂಳಿನಲ್ಲಿರುವ ಬೂಷ್ಟಿನ ಜಾತಿಗಳು ಮುಖ್ಯವಾಗಿ ಊರಿನ ಹವಾಗುಣವನ್ನನುಸರಿಸಿದರೆ, ಬ್ಯಾಕ್ಟೀರಿಯಗಳು ಆ ಮನೆಯಲ್ಲಿರುವ ಜನರನ್ನೂ ಸಾಕುಪ್ರಾಣಿಗಳನ್ನೂ ಅನುಸರಿಸುತ್ತವೆ. ನಾಯಿಯಿರುವ ಮನೆಯ ಧೂಳು ಒಂದು ಬಗೆ, ಇಲ್ಲದ ಮನೆಯದು ಇನ್ನೊಂದು ಬಗೆ.

ಬೆಳಕಿನ ಪ್ರಭಾವವೂ ಸಾಮಾನ್ಯವಾದುದಲ್ಲ. ಆರೆಗಾನ್ ವಿಶ್ವವಿದ್ಯಾಲಯದವರು ಚಿಕ್ಕ ಮಾದರಿ ಕೋಣೆಗಳಲ್ಲಿ ಮನೆಗಳ ಧೂಳನ್ನಿರಿಸಿ, 90 ದಿನಗಳ ನಂತರ ಪರೀಕ್ಷಿಸಿ, 2018ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಕತ್ತಲೆಯ ಕೋಣೆಗಳಲ್ಲಿ ಬ್ಯಾಕ್ಟೀರಿಯಗಳ ಪೈಕಿ ಸರಾಸರಿ ಶೇಕಡ 12ರಷ್ಟು ಜೀವಂತವಾಗಿದ್ದವು. ಗಾಜಿನ ಮೂಲಕ ಹಗಲಬೆಳಕು ಬಿದ್ದ ಕೋಣೆಗಳಲ್ಲಿ ಶೇಕಡ 6.8ರಷ್ಟು ಮಾತ್ರ. ಇದಲ್ಲದೆ, ಬೆಳಕು ಕಂಡ ಧೂಳಿನಲ್ಲಿ ಮನುಷ್ಯರ ಚರ್ಮದಿಂದ ಬಂದ ಜಾತಿಗಳ ಪಾಲು ಕಡಿಮೆಯಾಗಿತ್ತು. ಕ್ಷಯದ ಕ್ರಿಮಿಯನ್ನು 1882ರಲ್ಲಿ ಕಂಡುಹಿಡಿದ ರಾಬರ್ಟ್ ಕಾಕ್ ಮಹಾಶಯರು, ನೇರವಾದ ಬಿಸಿಲು ಅದನ್ನು ಕೆಲವು ನಿಮಿಷಗಳಿಂದ ಕೆಲವು ಗಂಟೆಗಳೊಳಗೆ ಕೊಲ್ಲುವುದೆಂದು 1890ರಲ್ಲಿಯೇ ತಿಳಿಸಿದ್ದರು.

ಹೀಗಿರುವಲ್ಲಿ, ನಮ್ಮ ಹಳ್ಳಿಗಳಲ್ಲಿ ಮಲಗುವ ಕೋಣೆಗೆ ಕಿಟಕಿಯಿಡಲು ಹಿಂದೆಗೆಯುವುದೇಕೆ? ಕಳ್ಳರ ಭಯವೆಂದು ಕೆಲವರು ಹೇಳುವರು. ಸೆಖೆಯೂ ಮಳೆಯ ಎರಚಲೂ ಒಳಗೆ ಬರುವುವೆಂದು ಕೆಲವರು ಹೇಳುವರು. ಈ ಆಕ್ಷೇಪಣೆಗಳು ನಿಜವಾದುವೇ. ಆದರೆ ಕಬ್ಬಿಣದ ಸರಳು, ಮರದ ಬಾಗಿಲು, ಚಾಚಿದ ಸೂರು ಇವುಗಳಿಂದ ಪರಿಹಾರವಾಗತಕ್ಕವು. ಕತ್ತಲೆಯ ಕೋಣೆಯಲ್ಲಿ ಕೆಮ್ಮುವ ರೋಗಿಯ ಪಕ್ಕದಲ್ಲಿ ಮಲಗುವ ಮಗುವಿಗೆ ಅಂತಹ ಸುಲಭವಾದ ಪರಿಹಾರವಿಲ್ಲ.

ಇನ್ನು ದನಕರುಗಳ ವಿಚಾರ. ಧೂಳೆಲ್ಲವೂ ವಿಷವೆಂದೆಣಿಸುವುದು ತಪ್ಪು. ಅಮೆರಿಕದ ಇಂಡಿಯಾನದಲ್ಲಿ ಅಮಿಷ್ ಎಂಬ ರೈತಸಮುದಾಯವೂ ದಕ್ಷಿಣ ಡಕೋಟದಲ್ಲಿ ಹಟರೈಟ್ ಎಂಬ ರೈತಸಮುದಾಯವೂ ಇವೆ. ಇವರಿಬ್ಬರ ಪೂರ್ವಿಕರೂ ಮಧ್ಯಯೂರೋಪಿನವರು. ಆಹಾರಾದಿಗಳಲ್ಲಿಯೂ ಬಹಳ ಹೋಲಿಕೆಯುಂಟು. ಅಮಿಷರು ಮನೆಯ ಬಳಿಯಲ್ಲಿಯೇ ಹಸುಗಳನ್ನು ಸಾಕಿ, ಕುದುರೆ ಕಟ್ಟಿ ಉಳುವವರು. ಹಟರೈಟರು ದೊಡ್ಡ ಯಂತ್ರಗಳಿಂದ ಸಾಮುದಾಯಿಕ ಬೇಸಾಯ ಮಾಡುವವರು. ಶಾಲಾಮಕ್ಕಳಲ್ಲಿ ಉಬ್ಬಸರೋಗವು ಅಮಿಷರಲ್ಲಿ ಶೇಕಡ 5.2, ಹಟರೈಟರಲ್ಲಿ ಶೇಕಡ 21.3 ಎಂದು ಕಂಡುಬಂದಿತ್ತು. 2016ರಲ್ಲಿ ಪ್ರಕಟವಾದ ಸಂಶೋಧನೆಯಂತೆ, ಬ್ಯಾಕ್ಟೀರಿಯಗಳ ಹೊರಕವಚದ ಅಂಶವಾದ ಎಂಡೋಟಾಕ್ಸಿನ್ ಅಮಿಷರ ಮನೆಯ ಧೂಳಿನಲ್ಲಿ 6.8 ಪಾಲು ಹೆಚ್ಚಾಗಿದ್ದಿತು. ಆ ಧೂಳಿನ ಸಾರವು ಇಲಿಗಳನ್ನು ಉಬ್ಬಸದಂತಹ ವಿಕಾರದಿಂದ ಕಾಪಾಡಿತು. ಹಟರೈಟರ ಧೂಳು ಕಾಪಾಡಲಿಲ್ಲ. ಕ್ರಿಮಿ ಸತ್ತ ಮೇಲೂ ಈ ಅಂಶವು ಉಳಿದಿರುವುದರಿಂದ, ಬೆಳಕನ್ನು ಒಳಗೆ ಬಿಡುವುದಕ್ಕೂ ಇದಕ್ಕೂ ವಿರೋಧವಿಲ್ಲ.

ಹಾಗಾದರೆ ಹಿಂದಿನಂತೆ ತಲೆಬಾಗಿಲ ಒಳಗೇ ದನ ಕಟ್ಟಬಹುದಲ್ಲವೆ ಎಂದು ಹಿರಿಯರು ಕೇಳಬಹುದು. ನಮ್ಮ ಅಭಿಪ್ರಾಯವು ಹಾಗಲ್ಲ. ಕಂದು ಹಾಕುವ ಬ್ರೂಸೆಲ್ಲ ರೋಗವೂ ಜಾನುವಾರುಗಳ ಕ್ಷಯವೂ ಮನುಷ್ಯರಿಗೆ ಅಂಟತಕ್ಕವು. ಸಗಣಿಯಲ್ಲಿಯೂ ಮಣ್ಣಿನಲ್ಲಿಯೂ ಇರಬಹುದಾದ ಧನುರ್ವಾಯುವಿನ ಬೀಜಾಣುಗಳು ವರ್ಷಗಟ್ಟಲೆ ಬಾಳುವುವು; ಬಾಣಂತಿಯ ಕೋಣೆಯಲ್ಲಿ ಅವು ಇರತಕ್ಕುದಲ್ಲ. ಅಮಿಷರ ಹಸುಗಳು ಸಹ ಮನೆಯ ಸಮೀಪದಲ್ಲಿರುವುವೇ ಹೊರತು ಮಲಗುವ ಕೋಣೆಯಲ್ಲಿಲ್ಲ. ಸಾಮೀಪ್ಯ ಬೇರೆ, ಸಹವಾಸ ಬೇರೆ.

ಆದುದರಿಂದ ಮನೆ ಕಟ್ಟಿಸುವವರು ಈ ಅಂಶಗಳನ್ನು ಗಮನಿಸುವುದು ಒಳ್ಳೆಯದು. ಕೊಟ್ಟಿಗೆಯು ಅದೇ ಹಿತ್ತಿಲಲ್ಲಿ, ಕಾವಲಿಗೆ ಕಣ್ಣಳತೆಯಲ್ಲಿರಲಿ; ಆದರೆ ಬೇರೆ ಗೋಡೆ, ಬೇರೆ ಬಾಗಿಲು, ಗಂಜಲ ಹರಿಯಲು ಬೇರೆ ಕಾಲುವೆ ಇರಲಿ. ಮಲಗುವ ಕೋಣೆಗೆ ಎದುರುಬದುರಾಗಿ ಎರಡು ಕಿಟಕಿಗಳಿರಲಿ. ಅದು ಸಾಧ್ಯವಿಲ್ಲದಿದ್ದಲ್ಲಿ ಒಂದು ಕಿಟಕಿಯೂ ಮಾಡಿನಲ್ಲಿ ಒಂದು ಬೆಳಕಿಂಡಿಯೂ ಇರಲಿ. ಒಲೆಯ ಹೊಗೆಗೆ ಪ್ರತ್ಯೇಕವಾದ ದಾರಿಯಿರಲಿ. ನೆಲಕ್ಕೆ ನೀರು ಚಿಮುಕಿಸಿ ಗುಡಿಸಲಿ. ಹಾಸಿಗೆ ಕಂಬಳಿಗಳನ್ನು ಆಗಾಗ್ಗೆ ಬಿಸಿಲಿಗೆ ಹರಡಲಿ.

ಕೊನೆಯದಾಗಿ ಒಂದು ಮಾತನ್ನು ಹೇಳಲೇಬೇಕಾಗಿದೆ. ಕೆಚ್ಚಲು ಬಾವು ಬಂದೀತೆಂದು ಹಾಲು ಕರೆಯುವ ಹಸುವಿನ ಕೊಟ್ಟಿಗೆಗೆ ಗಾಳಿಬೆಳಕುಗಳನ್ನು ಒದಗಿಸುವ ಶ್ರೀಮಂತರು, ತೋಟದ ಆಳುಗಳಿಗೆ ಕಟ್ಟಿಸಿಕೊಟ್ಟ ಸಾಲುಮನೆಯಲ್ಲಿ ಒಂದು ಕಿಟಕಿಯ ಖರ್ಚನ್ನು ಉಳಿಸಿರುವುದುಂಟು. ಪಂಚಾಯಿತಿಯ ಮೂಲಕ ಮಂಜೂರಾಗುವ ಮನೆಗಳಲ್ಲಿಯೂ ಗೋಡೆ ಏಳುವ ಸಮಯದಲ್ಲಿ ಗ್ರಾಮದ ಮುಖಂಡರು ಹೋಗಿ ನೋಡಿದರೆ ಕಿಟಕಿಯ ಜಾಗ ಉಳಿಯುವುದು. ಗೋಡೆ ಎದ್ದ ಮೇಲೆ ಒಡೆಯುವುದು ಕಷ್ಟ. ಸೂರ್ಯನ ಬೆಳಕಿಗೆ ಯಾರೂ ಕಂದಾಯ ಕಟ್ಟಬೇಕಾಗಿಲ್ಲ. ಅದು ಒಳಗೆ ಬರುವುದಕ್ಕೆ ದಾರಿಯನ್ನು ಬಿಡುವುದಷ್ಟೇ ನಮ್ಮ ಕೆಲಸ.